ನಕ್ಷೆಯ ಖಾಲಿ ಚೌಕ

ಬೆಟ್ಟದ ಬುಡದ ಬೋರ್ಡಿನ ಮುಂದೆ ಮಗಳು ತನ್ನ ಅತ್ತೆಯನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದಾಗಲೇ ಗೆರೆರಾಯರು ಬೋರ್ಡಿಗೆ ಬೆನ್ನು ತಿರುಗಿಸಿ ನಿಂತರು. ತಪ್ಪನ್ನು ಕಣ್ಣಿಗೆ ಹೊಡೆಯುವ ಬಿಸಿಲಿನ ತಲೆಗೆ ಕಟ್ಟಲು ನೋಡಿದರು. ಪಾಪ, ಬಿಸಿಲು ಇನ್ನೂ ಬೆಟ್ಟದ ಆಚೆಗೇ ಇತ್ತು.

ಗೆರೆರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನಗರ ಯೋಜನಾ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ನಕ್ಷೆ ಬರೆದವರು ಅವರು. ಅಳತೆಪಟ್ಟಿ ಇಲ್ಲದೆ ಬರಿಗೈಯಲ್ಲಿ ಎಳೆದ ಗೆರೆಯೂ ದಾರ ಹಿಡಿದಂತೆ ನೆಟ್ಟಗೆ ಬರುತ್ತಿತ್ತು. ಕಚೇರಿಯವರು ತಮಾಷೆಗೆ ಇಟ್ಟ ಹೆಸರು ಮನೆಯವರೆಗೂ ನಡೆದು ಬಂದು, ನಿವೃತ್ತಿಯಾಗಿ ಎರಡು ವರ್ಷವಾದರೂ ಹೋಗದೆ ಅಲ್ಲೇ ಠಿಕಾಣಿ ಹೂಡಿತ್ತು. ಅವರಿಗೂ ಅದು ಇಷ್ಟವೇ. ಹೆಸರಿಗೆ ತಕ್ಕಂತೆ ನಡೆಯುವವನು ಎಂದು ಲೋಕ ನಂಬಿದ್ದರೆ ಯಾರಿಗೆ ಬೇಸರ?

ಬೋರ್ಡು ಅವರದೇ ಕೆಲಸ. ಎರಡಾಳೆತ್ತರದ ತಗಡು, ಹಸಿರು ಬೆಟ್ಟ, ಕೆಂಪು ದಾರಿ, ತುದಿಯಲ್ಲಿ ನೀಲಿ ಸರೋವರ. ಅಕ್ಷರಗಳಂತೂ ಮುತ್ತು. ಬಲಗಡೆಯ ಮೂಲೆಯಲ್ಲಿ ಪುಟ್ಟ ತ್ರಿಕೋನ, ಅದರೊಳಗೊಂದು ಚುಕ್ಕೆ: ಅದು ಅವರ ಗುರುತು. ಮಗಳು ಅದರ ಮೇಲೆ ಬೆರಳಿಟ್ಟು, "ನೋಡಿ ಅತ್ತೆ, ಇದೇ ನಮ್ಮಪ್ಪನ ಸಹಿ. ಇವತ್ತಿಗೂ ಒಂದು ಅಕ್ಷರ ಮಾಸಿಲ್ಲ" ಎಂದಳು.

"ನೋಡಿದೀನಮ್ಮ, ದಿನಾ ನೋಡಿದೀನಿ" ಎಂದರು ಬೀಗಿತ್ತಿ.

ಬೀಗಿತ್ತಿ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಕಳೆದ ವರ್ಷವಷ್ಟೇ ನಿವೃತ್ತರು. ಅವರ ಬಸ್ಸಿನ ಕೊನೆಯ ಸ್ಟಾಪು ಇದೇ ಬೋರ್ಡಿನ ಎದುರು. ಬೆನ್ನಿಗೆ ಚೀಲ ಕಟ್ಟಿಕೊಂಡವರನ್ನು ಬೆಳಗ್ಗೆ ಇಳಿಸುವುದು, ಮಧ್ಯಾಹ್ನ ಬೆವರಿಳಿಸಿಕೊಂಡು ಬಂದವರನ್ನು ಹತ್ತಿಸುವುದು. ಬಸ್ಸು ಇಲ್ಲಿ ನಿಲ್ಲುತ್ತಿದ್ದುದು ಎಂಟೇ ನಿಮಿಷ. ಎಂಟು ನಿಮಿಷದಲ್ಲಿ ಬೆಟ್ಟ ಹತ್ತಿ ಇಳಿಯಲು ಕಂಡಕ್ಟರಿಗೇನು ರೆಕ್ಕೆ ಇದೆಯೇ? ಹಾಗಾಗಿ ಮೇಲಿನಿಂದ ಕಾಣುವ ಸರೋವರದ ಬಗ್ಗೆ ಸಾವಿರ ಜನರ ಬಾಯಲ್ಲಿ ಕೇಳಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ನಿಂತು ನಿಂತು ಎಡ ಮಂಡಿ ಸವೆದು, ಇನ್ನೊಂದು ವರ್ಷಕ್ಕೆ ಅದನ್ನು ಕೊಯ್ಯಬೇಕೆಂದು ಡಾಕ್ಟರು ಹೇಳಿದ್ದರು. "ಕೊಯ್ಯೋ ಮುಂಚೆ ಒಂದ್ಸಲ ನೋಡಿಬಿಡ್ತೀನಿ" ಎಂದು ಸೊಸೆಯ ಹತ್ತಿರ ಅಂದದ್ದೇ ತಡ, ಅವಳು ಭಾನುವಾರ ಗೊತ್ತು ಮಾಡಿ, ಅಪ್ಪನನ್ನೂ ಎಳೆದು ತಂದಿದ್ದಳು. ನಕ್ಷೆ ಬರೆದವನೇ ಜೊತೆಗಿದ್ದರೆ ಇನ್ನೇನು ಬೇಕು?

ಈಗ ಬೀಗಿತ್ತಿ ಕೊಡೆಯನ್ನು ಊರುಗೋಲಿನಂತೆ ಹಿಡಿದು, ಬೋರ್ಡಿನ ಮೇಲ್ತುದಿಯನ್ನು ಕಣ್ಣು ಕಿರಿದು ಮಾಡಿ ಓದಿದರು. "ಚಪ್ಪಟೆ ಬಂಡೆಯಿಂದ ಮುಂದೆ ಹತ್ತು ನಿಮಿಷ. ಸಮತಟ್ಟು ದಾರಿ. ವಯಸ್ಸಾದವರೂ ನಡೆಯಬಹುದು." ಆಮೇಲೆ ಗೆರೆರಾಯರ ಕಡೆ ತಿರುಗಿದರು. "ಬೀಗರೇ, ಒಂದು ಮಾತು, ತಪ್ಪು ತಿಳ್ಕೋಬೇಡಿ. ಇಳಿದು ಬರೋರು ಬಸ್ಸಲ್ಲಿ ಈ ಬೋರ್ಡನ್ನ ಬೈಯೋದು ಕೇಳಿದೀನಿ. ಕೊನೇಲಿ ಭಾರೀ ಏರು ಅಂತಾರೆ. ಜನಕ್ಕೇನು, ನಾಲ್ಕು ಹೆಜ್ಜೆ ಹಾಕಿದ್ರೆ ಏದುಸಿರು. ಆದ್ರೂ ನನ್ನ ಮಂಡಿ ವಿಚಾರ ನೋಡಿ, ಅದಕ್ಕೇ ಕೇಳ್ತಿದೀನಿ. ನಿಜವಾಗ್ಲೂ ಸಮ ಇದೆಯಾ?"

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಬಸ್ಸು ಇನ್ನೂ ಎದುರಿಗೇ ನಿಂತಿತ್ತು. "ಇಲ್ಲಮ್ಮ, ಅಲ್ಲಿಗೆ ನಾನು ಹೋಗಿಲ್ಲ" ಎಂದು ಒಂದು ಮಾತು ಅಂದಿದ್ದರೆ ಬೆಟ್ಟದ ಬುಡದಲ್ಲೇ ಅಡ್ಡಾಡಿ, ಕಾಫಿ ಕುಡಿದು ಮನೆಗೆ ಹೋಗಬಹುದಿತ್ತು. ಗೆರೆರಾಯರು ಮಗಳ ಮುಖ ನೋಡಿದರು. ಅವಳು ಅಪ್ಪ ಏನು ಹೇಳುತ್ತಾನೆಂದು ಕಾಯುತ್ತಲೂ ಇರಲಿಲ್ಲ, ಗೊತ್ತೇ ಇದ್ದ ಉತ್ತರಕ್ಕೆ ಆಗಲೇ ನಗುತ್ತಿದ್ದಳು.

"ಅಂಗೈ ಇದ್ದ ಹಾಗಿದೆ ಅಮ್ಮಾ" ಎಂದರು ಗೆರೆರಾಯರು.

"ಹಾಗಾದ್ರೆ ರೈಟ್, ರೈಟ್!" ಎಂದು ಬೀಗಿತ್ತಿ ಹೆಜ್ಜೆ ಇಟ್ಟೇಬಿಟ್ಟರು.

ಆದದ್ದಿಷ್ಟು. ಹದಿನಾರು ವರ್ಷದ ಹಿಂದೆ ಈ ಬೋರ್ಡು ಬರೆಯುವ ಕೆಲಸ ಗೆರೆರಾಯರ ಮೇಜಿಗೆ ಬಂತು. ಅಳತೆಯ ಚಕ್ರ, ಪುಸ್ತಕ, ಡಬ್ಬಿಯಲ್ಲಿ ಊಟ ಹಿಡಿದು, ಕಾಲಿಗೆ ಹೊಸ ಶೂ ಹಾಕಿಕೊಂಡು ಒಬ್ಬರೇ ಬಂದರು. ಚಪ್ಪಟೆ ಬಂಡೆಯವರೆಗೆ ಒಂದೊಂದು ತಿರುವನ್ನೂ ಅಳೆದರು, ಅದರಲ್ಲಿ ಲೋಪವಿಲ್ಲ. ಅಲ್ಲಿಗೆ ಶೂ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಕೂತರು, ಊಟ ಮಾಡಿದರು, ಕಾಲು ಚಾಚಿದರು, ಕಣ್ಣು ಹತ್ತಿತು. ಎದ್ದಾಗ ಹೊತ್ತು ಇಳಿದಿತ್ತು. ಮೇಲೆ ಇನ್ನೇನಿದ್ದೀತು, ಇದೇ ದಾರಿ ಮುಂದುವರಿದಿರುತ್ತದೆ ಎಂದುಕೊಂಡು ಕುಂಟುತ್ತ ಇಳಿದರು. ಉಳಿದದ್ದಕ್ಕೆ ಕಚೇರಿಯ ಬೀರುವಿನಲ್ಲಿ ಹಳೆಯ ನಕ್ಷೆ ಇತ್ತಲ್ಲ.

ಬೆಟ್ಟದ ನಕ್ಷೆಯಲ್ಲಿ ಗೆರೆಗಳು ಒತ್ತೊತ್ತಾಗಿದ್ದರೆ ನೆಲ ಕಡಿದಾಗಿದೆ, ದೂರ ದೂರವಿದ್ದರೆ ಏರು ಕಡಿಮೆ, ಇಷ್ಟೇ ಲೆಕ್ಕ. ಆ ಹಳೆಯ ನಕ್ಷೆಯಲ್ಲಿ ಚಪ್ಪಟೆ ಬಂಡೆಯ ಮೇಲಿನ ಒಂದು ಚೌಕ ಪೂರ್ತಿ ಖಾಲಿ. ಒಂದು ಗೆರೆಯೂ ಇಲ್ಲ. ಹಾಗಿದ್ದರೆ ಎರಡೇ ಅರ್ಥ: ನೆಲ ಸಮವಾಗಿದೆ, ಇಲ್ಲವೇ ಅಲ್ಲಿಗೆ ಹೋಗಿ ಯಾರೂ ಅಳೆದಿಲ್ಲ. ಹಿಂದಿನವರಿಗೂ ಶೂ ಕಚ್ಚಿತ್ತೋ ಏನೋ. ಎರಡನೆಯ ಅರ್ಥವೇ ಸರಿ ಎಂದು ಗೆರೆರಾಯರ ಒಳಮನಸ್ಸಿಗೆ ಅಂದೇ ಗೊತ್ತಿತ್ತು. ಆದರೂ ಮೊದಲನೆಯದನ್ನು ಬರೆದರು. ಬರೆದ ಮೇಲೂ ಚೌಕ ಬೋಳುಬೋಳಾಗಿ ಕಂಡಿತೆಂದು ಅಲ್ಲೊಂದು ಮರ, ಮರದ ಕೆಳಗೊಂದು ಬೆಂಚು ಬಿಡಿಸಿದರು.

ಆಮೇಲೆ ಮೂರು ದೂರಿನ ಪತ್ರ ಬಂದವು. ಒಂದರಲ್ಲಿ ಯಾರೋ ಮುದುಕರು ಬಿದ್ದು ಕೈ ಮುರಿದುಕೊಂಡ ಸುದ್ದಿಯಿತ್ತು. ಗೆರೆರಾಯರು ಮೂರನ್ನೂ ಫೈಲಿಗೆ ಹಾಕಿದರು, ಫೈಲನ್ನು ಬೀರುವಿಗೆ ಹಾಕಿದರು. ಬೀರುವಿನ ಬೀಗದಕೈ ಅವರ ಬಳಿಯೇ ಇರುತ್ತಿತ್ತು.

ಮನೆಯಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಅಂದು ಸಂಜೆ ಹತ್ತು ವರ್ಷದ ಮಗಳು ಅಪ್ಪನ ಬೊಬ್ಬೆಗೆ ಮುಲಾಮು ಹಚ್ಚುತ್ತ, "ಮೇಲಿಂದ ಸರೋವರ ಹೇಗೆ ಕಾಣುತ್ತಪ್ಪ?" ಎಂದಳು. "ಯಾರೋ ಜೇಬಿಂದ ಬೀಳಿಸಿದ ಕರ್ಚೀಫಿನ ಹಾಗೆ" ಎಂದರು. ಅವಳಿಗೆ ನಗು ಬಂತು. ನಗಿಸುವುದಕ್ಕೆಂದು, ಅಲ್ಲೊಂದು ಬೆಂಚಿದೆ, ಅದರ ಒಂದು ಕಾಲು ಗಿಡ್ಡ, ಕೂತರೆ ತೊಟ್ಟಿಲಂತೆ ತೂಗುತ್ತದೆ ಎಂದೂ ಸೇರಿಸಿದರು. ಆ ಬೆಂಚು ಅವರ ಮನೆಯ ಕತೆಯಾಗಿ ಬೆಳೆಯಿತು. ಮಗಳು ಶಾಲೆಯಲ್ಲಿ ಪ್ರಬಂಧ ಬರೆದಳು. ಗಂಡನ ಮನೆಗೆ ಹೋದಾಗ ಅಲ್ಲಿಯೂ ಹೇಳಿದಳು. ಅಪ್ಪ ಯಾವತ್ತೂ ಬಾ ಹೋಗೋಣ ಎನ್ನಲಿಲ್ಲವಲ್ಲ ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ಅಪ್ಪಂದಿರಿಗೆ ಕೆಲಸ ಇರುತ್ತದೆ.

ಇವತ್ತು ಚಪ್ಪಟೆ ಬಂಡೆಯವರೆಗೆ ಎಲ್ಲ ಬೋರ್ಡಿನಲ್ಲಿ ಇದ್ದ ಹಾಗೇ ಇತ್ತು. ಮೊದಲ ತಿರುವಿಗೆ ತೊರೆ, ಎರಡನೆಯದಕ್ಕೆ ಸೀಳು ಬಂಡೆ. ಪ್ರತಿ ಸಲವೂ ಮಗಳು, "ನೋಡಿ ಅತ್ತೆ, ಅಪ್ಪ ಬರೆದ ಹಾಗೇ ಇದೆ!" ಎಂದು ಬೆರಳು ತೋರಿಸುತ್ತಿದ್ದಳು. ಒಂದೊಂದು ಹೊಗಳಿಕೆಗೂ ಗೆರೆರಾಯರಿಗೆ ಕಾಲು ಭಾರವಾಗುತ್ತಿತ್ತು. ಬೀಗಿತ್ತಿಯ ಬಾಯಿ ಮಾತ್ರ ನಿಲ್ಲಲಿಲ್ಲ. ಕುರಿಮರಿಗೆ ಅರ್ಧ ಟಿಕೆಟ್ಟು ಕೇಳಿದವನ ಕತೆ ಹೇಳಿದರು, ನಿದ್ದೆ ಹೋಗಿ ಮೂರು ಸಲ ಊರು ಸುತ್ತಿದವನ ಕತೆ ಹೇಳಿದರು. ಆದರೆ ಬಂಡೆ ಬರುವಷ್ಟರಲ್ಲಿ ಕತೆಗಳು ಗಿಡ್ಡವಾಗಿ, ಉಸಿರು ಉದ್ದವಾಗಿತ್ತು. ಎಡಗಾಲನ್ನು ಇಡುವ ಮೊದಲು ತುಟಿ ಕಚ್ಚುತ್ತಿದ್ದರು.

"ಸಾಕು ಅಂತ ಅನ್ನಿಸಿದ್ರೆ ಇಲ್ಲಿಂದಲೇ ಇಳಿಯೋಣ ಅಮ್ಮಾ" ಎಂದರು ಗೆರೆರಾಯರು. ಧ್ವನಿಯಲ್ಲಿ ಆಸೆ ಇತ್ತು.

"ಹತ್ತು ನಿಮಿಷಕ್ಕೋಸ್ಕರ ಇಳಿಯೋದಾ? ಚೆನ್ನಾಗಿ ಹೇಳಿದ್ರಿ! ಕೊನೇ ಸ್ಟಾಪಿಗೆ ಟಿಕೆಟ್ ತಗೊಂಡೋಳು ನಾನು" ಎಂದು ಅವರು ಬಂಡೆಯ ಮೇಲೆ ಕುಳಿತು ನೀರು ಕುಡಿದರು. ಸೊಸೆ ಅವರ ಮಂಡಿ ನೀವತೊಡಗಿದಳು.

ಗೆರೆರಾಯರು ಮುಂದೆ ದಾರಿ ನೋಡಿ ಬರುತ್ತೇನೆಂದು ಒಬ್ಬರೇ ಹೊರಟರು. ನಲವತ್ತು ಹೆಜ್ಜೆ ಹೋಗಿರಲಿಲ್ಲ, ಕೆಂಪು ಟೋಪಿಯವನೊಬ್ಬ ಇಳಿದು ಬಂದ. ಮುಖವೂ ಟೋಪಿಯ ಬಣ್ಣಕ್ಕೇ ತಿರುಗಿತ್ತು.

"ಮೇಲಕ್ಕಾ ಸಾರ್? ಹುಷಾರು. ಕೆಳಗೆ ಸಮತಟ್ಟು ಅಂತ ಬರ್ದಿದಾನಲ್ಲ ಮಹಾನುಭಾವ, ಅವನನ್ನ ಹಿಡಿದು ಮುಂದಿರೋ ಮೆಟ್ಟಿಲ ಮೇಲೆ ದಿನಕ್ಕೆರಡು ಸಲ ಓಡಿಸ್ಬೇಕು."

ಸುಮ್ಮನಿದ್ದಿದ್ದರೆ ಸಾಕಿತ್ತು. ಗೆರೆರಾಯರ ಬಾಯಿಂದ ಬಂದದ್ದು: "ಓಡಿಸ್ಬೇಕು ಬಿಡಿ! ಕೂತಲ್ಲೇ ಬರೆದು ಸಂಬಳ ತಗೊಳ್ಳೋ ಜನ. ಜವಾಬ್ದಾರಿ ಅನ್ನೋದೇ ಇಲ್ಲ."

"ನಾಚಿಕೆ ಇರಬೇಕು ಸಾರ್" ಎಂದ ಅವನು.

"ಅದೇ ಮತ್ತೆ. ನಾಚಿಕೆ ಇರಬೇಕು" ಎಂದರು ಗೆರೆರಾಯರು.

ಅವನು ಸಮಾಧಾನವಾಗಿ ಇಳಿದು ಹೋದ. ತನ್ನ ಪರ ಮಾತಾಡುವವರೊಬ್ಬರು ಸಿಕ್ಕಿದ್ದರು. ಗೆರೆರಾಯರು ಅಲ್ಲೇ ನಿಂತುಕೊಂಡರು. ಸುಳ್ಳು ಬರೆದಾಗ ಅವರಿಗೆ ಇಷ್ಟು ಹೇಸಿಗೆ ಆಗಿರಲಿಲ್ಲ. ಈಗ ತನ್ನನ್ನೇ ಬೇರೆ ಯಾರನ್ನೋ ಎಂಬಂತೆ ಬೈದು, ತಾನು ಒಳ್ಳೆಯವರ ಸಾಲಿಗೆ ಸೇರಿಕೊಂಡದ್ದು ನಾಲಗೆಯ ಮೇಲೆ ಕಹಿಯಾಗಿ ಕೂತಿತು.

ಹಿಂದಿನಿಂದ ಕೊಡೆಯ ಟಕ್ ಟಕ್ ಕೇಳಿಸಿತು. ಬೀಗಿತ್ತಿ ಸೊಸೆಯ ಭುಜ ಹಿಡಿದು ಬರುತ್ತಿದ್ದರು. "ಯಾರಪ್ಪ ಅವರು? ಏನಂದ್ರು?" ಎಂದಳು ಮಗಳು. "ಏನಿಲ್ಲ, ದಾರಿ ಕೇಳಿದ್ರು" ಎಂದರು. ಬೆಟ್ಟದಿಂದ ಇಳಿಯುವವನು ದಾರಿ ಕೇಳುವುದುಂಟೇ? ಆದರೆ ಆ ಹುಡುಗಿ ಅಪ್ಪನ ಮಾತನ್ನು ತಿರುಗಿಸಿ ನೋಡುವ ಜಾತಿಯವಳಲ್ಲ.

ಮುಂದಿನ ತಿರುವು ದಾಟಿದೊಡನೆ ಮೂವರೂ ನಿಂತರು.

ದಾರಿ ಅಲ್ಲಿ ಮುಗಿದು, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಗೋಡೆಯ ಹಾಗೆ ಎದ್ದು ನಿಂತಿದ್ದವು. ಒಂದೊಂದೂ ಮೊಣಕಾಲಿನವರೆಗೆ ಎತ್ತರ. ಹಿಡಿದುಕೊಳ್ಳಲು ಒಂದು ಕಡೆ ತುಕ್ಕು ಹಿಡಿದ ಸರಪಳಿ. ಕುತ್ತಿಗೆ ಎತ್ತಿ ನೋಡಿದರೂ ತುದಿ ಕಾಣುತ್ತಿರಲಿಲ್ಲ. ಮರವಿಲ್ಲ, ನೆರಳಿಲ್ಲ.

ಬೀಗಿತ್ತಿ ಕೊಡೆಯನ್ನು ಗಟ್ಟಿಯಾಗಿ ಊರಿದರು. ಮೊದಲ ಮೆಟ್ಟಿಲ ಮೇಲೆ ಬಲಗಾಲು ಇಟ್ಟರು, ಎಡಗಾಲನ್ನು ಎತ್ತಲು ನೋಡಿದರು, "ಅಮ್ಮಾ" ಎಂದು ಕೂತುಬಿಟ್ಟರು. ಇಪ್ಪತ್ತೆಂಟು ವರ್ಷ ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಂತಿದ್ದ ಹೆಂಗಸು ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡು, ಎಷ್ಟು ಮೆಟ್ಟಿಲಿರಬಹುದೆಂದು ಮೇಲೆ ನೋಡುತ್ತ ಕುಳಿತರು.

ಮೆಟ್ಟಿಲಿನ ಪಕ್ಕದ ಬಂಡೆಯ ಮೇಲೆ ಇದ್ದಿಲಿನಲ್ಲಿ ದಪ್ಪಗೆ ಬರೆದಿತ್ತು: ನಕ್ಷೆ ನಂಬಬೇಡಿ.

ಕೆಳಗಿನ ಸಂದಿಯಲ್ಲಿ ಒಂದು ಇದ್ದಿಲ ತುಂಡನ್ನೂ ಸಿಕ್ಕಿಸಿಟ್ಟಿದ್ದರು. ಮಳೆಗೆ ಅಕ್ಷರ ತೊಳೆದು ಹೋದಾಗಲೆಲ್ಲ ದಾರಿಯಲ್ಲಿ ಬಂದವರು ಮತ್ತೆ ಬರೆಯಲೆಂದು. ಹಳೆಯ ಅಕ್ಷರದ ಮೇಲೆ ಹೊಸ ಅಕ್ಷರ, ಬೇರೆ ಬೇರೆ ಕೈ, ಹದಿನಾರು ಮಳೆಗಾಲದ್ದು. ಪರಸ್ಪರ ಮುಖವೂ ನೋಡದ ಜನ, ಗೆರೆರಾಯರು ಮಾಡದೆ ಬಿಟ್ಟ ಕೆಲಸವನ್ನು ಪಾಳಿ ಹಾಕಿಕೊಂಡು ಮಾಡುತ್ತ ಬಂದಿದ್ದರು.

ಮಗಳು ಅದನ್ನು ಓದಿ ಉರಿದುಬಿದ್ದಳು. "ಎಂಥಾ ಜನ! ಯಾರೋ ಮಾಡೋಕೆ ಕೆಲಸ ಇಲ್ಲದೋರು!" ಕರ್ಚೀಫು ತೆಗೆದು, ಬಾಟಲಿಯ ನೀರಲ್ಲಿ ಅದ್ದಿ, ಬಂಡೆಯನ್ನು ತಿಕ್ಕಲು ಶುರು ಮಾಡಿದಳು. "ಅತ್ತೆ, ಅಪ್ಪ ಬರೆದಾಗ ಇದು ಹೀಗಿರ್ಲಿಲ್ಲ. ಮಳೆಗೆ ಗುಡ್ಡ ಕುಸಿದಿರುತ್ತೆ, ಆಮೇಲೆ ಮೆಟ್ಟಿಲು ಮಾಡಿರ್ತಾರೆ. ಅಲ್ವಾ ಅಪ್ಪ?"

ಮೆಟ್ಟಿಲುಗಳ ನಡು ಸವೆದು ಹಳ್ಳ ಬಿದ್ದಿತ್ತು. ಅವು ಮುತ್ತಜ್ಜನ ಕಾಲದವೆಂದು ಕಣ್ಣು ಕಟ್ಟಿಕೊಂಡವರಿಗೂ ತಿಳಿಯುವಂತಿತ್ತು.

"ಹೂಂ" ಎಂದರು ಗೆರೆರಾಯರು.

ಅವಳು ತಿಕ್ಕುತ್ತಲೇ ಇದ್ದಳು. 'ನಂಬ' ಅಳಿಸಿಹೋಯಿತು, 'ಬೇಡಿ' ಅರ್ಧ ಹೋಯಿತು. ಕರ್ಚೀಫು ಕಪ್ಪಾಯಿತು, ಬೆರಳಿನ ಗೆಣ್ಣು ಬಂಡೆಗೆ ತರಚಿ ಕೆಂಪಾಯಿತು. ಅಂದು ಬೊಬ್ಬೆಗೆ ಮುಲಾಮು ಹಚ್ಚಿದ್ದು ಇದೇ ಬೆರಳು. ಗೆರೆರಾಯರಿಗೆ ಇನ್ನು ನೋಡಲಾಗಲಿಲ್ಲ.

"ಬಿಡು ಮಗಳೇ. ಅಳಿಸಬೇಡ. ಅದು ನಿಜ."

ಅವಳ ಕೈ ಬಂಡೆಯ ಮೇಲೆಯೇ ನಿಂತಿತು.

"ನಾನು ಇಲ್ಲಿಗೆ ಬಂದಿಲ್ಲ. ಚಪ್ಪಟೆ ಬಂಡೆ ಹತ್ರ ಊಟ ಮಾಡಿ ವಾಪಸ್ ಹೋದೆ. ಇದೆಲ್ಲ ಕೂತಲ್ಲೇ ಬರ್ದಿದ್ದು. ದೂರು ಬಂತು, ಮುಚ್ಚಿಟ್ಟೆ. ಯಾರೋ ಬಿದ್ದು ಕೈ ಮುರ್ಕೊಂಡ್ರು, ಆವಾಗ್ಲೂ ತಿದ್ದಲಿಲ್ಲ. ಬೆಳಗ್ಗೆ ನೀವು ಕೇಳಿದಾಗ್ಲೂ ಅಮ್ಮಾ, ಗೊತ್ತಿದ್ದೂ ಸುಳ್ಳು ಹೇಳ್ದೆ."

ಬೀಗಿತ್ತಿ ಮಂಡಿಯಿಂದ ಕೈ ತೆಗೆಯಲಿಲ್ಲ. ಮಗಳು ನಿಧಾನವಾಗಿ ತಿರುಗಿದಳು. ಅವಳು ಕೇಳಿದ್ದು ನಕ್ಷೆಯ ವಿಚಾರವನ್ನಲ್ಲ.

"ಆ ಬೆಂಚು?"

"ಇಲ್ಲ."

"ಒಂದು ಕಾಲು ಗಿಡ್ಡ ಅಂದಿದ್ದೆ ನೀನು."

"ಇಲ್ಲ ಕಣಮ್ಮ."

ಅವಳು ತಲೆಯಾಡಿಸಿದಳು. ಕಪ್ಪಾದ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ, ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. ಬೈದಿದ್ದರೆ, ಅತ್ತಿದ್ದರೆ ಗೆರೆರಾಯರು ತಡೆದುಕೊಳ್ಳುತ್ತಿದ್ದರು. ಅವಳು ಮನಸ್ಸಿನಲ್ಲಿ ಹಳೆಯದನ್ನೆಲ್ಲ ಒಂದೊಂದಾಗಿ ತೆಗೆದು, ಇದು ನಿಜವೋ ಅದು ನಿಜವೋ ಎಂದು ನೋಡುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು.

ಕೊನೆಗೆ ಮಾತಾಡಿದವರು ಬೀಗಿತ್ತಿ. "ಬಸ್ಸಲ್ಲಿ ಜನ ಬೈಯುವಾಗ ನಾನು ನಂಬಲಿಲ್ಲ ಅಂತಲ್ಲ ಬೀಗರೇ. ನಂಬಿದ್ದೆ. ಬೋರ್ಡನ್ನ ನೋಡಿ ನಾನು ಹೊರಟಿದ್ದೂ ಅಲ್ಲ. ನೀವು ಬಾಯಿಬಿಟ್ಟು ಹೇಳಿದ್ರಲ್ಲ, ಅದಕ್ಕೆ ಬಂದೆ." ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ, ಚಿಲ್ಲರೆ ಎಣಿಸಿ ಕೊಟ್ಟಂತೆ ಹೇಳಿದರು. ಆಮೇಲೆ ಕೊಡೆ ಬಿಚ್ಚಿ ತಲೆಗೆ ಹಿಡಿದುಕೊಂಡು, "ನನ್ನ ಪ್ರಯಾಣ ಇಲ್ಲಿಗೆ ಆಯ್ತು. ನೀವು ಹತ್ತಿ. ಎಷ್ಟು ಮೆಟ್ಟಿಲಿದೆ ಅಂತ ಎಣಿಸ್ಕೊಂಡು ಬನ್ನಿ. ಬರೋರಿಗಾದ್ರೂ ಗೊತ್ತಾಗ್ಲಿ" ಎಂದರು.

ಗೆರೆರಾಯರು ಹತ್ತಿದರು. ಸರಪಳಿಯ ತುಕ್ಕು ಅಂಗೈಗೆ ಮೆತ್ತಿಕೊಂಡಿತು. ಐವತ್ತಕ್ಕೆ ಎದೆ ಹೊಡೆದುಕೊಂಡಿತು, ನೂರಕ್ಕೆ ತೊಡೆ ನಡುಗಿತು. ಲೆಕ್ಕ ತಪ್ಪೀತೆಂದು ಬಾಯಿಬಿಟ್ಟು ಗಟ್ಟಿಯಾಗಿ ಎಣಿಸಿದರು. ಒಂದು ಕಡೆ ಅನುಮಾನ ಬಂದು ಇಪ್ಪತ್ತು ಮೆಟ್ಟಿಲು ಇಳಿದು ಮತ್ತೆ ಹತ್ತಿದರು. ಆ ಕೈ ಮುರಿದ ಮುದುಕರು ಎಷ್ಟನೆಯ ಮೆಟ್ಟಿಲಲ್ಲಿ ಬಿದ್ದಿರಬಹುದು? ಪ್ರತಿ ಮೆಟ್ಟಿಲೂ ಇದೇ ಇರಬಹುದು ಎನ್ನಿಸಿತು.

ಮುನ್ನೂರ ಹದಿನೆಂಟು.

ಮೇಲೆ ಬರೀ ಬಂಡೆ, ಕಬ್ಬಿಣದ ಕಂಬಿ, ಗಾಳಿ. ಕೆಳಗೆ ಸರೋವರ. ಕರ್ಚೀಫಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮೂರು ಕವಲಾಗಿ ಬೆಟ್ಟಗಳ ಸಂದಿಗೆಲ್ಲ ನುಗ್ಗಿ, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಹಸಿರು, ಕಣ್ಣಿಗೆ ಹಿಡಿಯದಷ್ಟು ದೊಡ್ಡದಾಗಿ ಬಿದ್ದಿತ್ತು. ಎಂಥ ಚೆಂದ ಎಂದು ಅನ್ನಿಸಿತು, ಅನ್ನಿಸಿದ್ದಕ್ಕೇ ನಾಚಿಕೆಯಾಯಿತು. ಇದನ್ನು ನೋಡಬೇಕೆಂದು ಇಪ್ಪತ್ತೆಂಟು ವರ್ಷ ಕಾದವರು ಕೆಳಗೆ ಕೊಡೆಯ ನೆರಳಲ್ಲಿ ಕೂತಿದ್ದರು. ಗೆರೆರಾಯರು ಕಂಬಿಯವರೆಗೂ ಹೋಗದೆ ತಿರುಗಿದರು.

ಇಳಿದು ಬಂದು, ಸರಪಳಿ ಬಿಟ್ಟು ಬೀಗಿತ್ತಿಯ ಎದುರು ನಿಂತರು. "ಮುನ್ನೂರ ಹದಿನೆಂಟು" ಎಂದರು.

"ಸರೋವರ ಹೇಗಿದೆ?" ಎಂದರು ಬೀಗಿತ್ತಿ. ಎಷ್ಟೆಂದರೂ ಆಸೆ.

ಗೆರೆರಾಯರು ಬಾಯಿ ತೆರೆದರು. ಮೂರು ಕವಲು, ಕಪ್ಪು, ಹಸಿರು, ಎಲ್ಲ ನಾಲಗೆಯ ತುದಿಯಲ್ಲಿತ್ತು. ಮಗಳು ಅವರ ಬಾಯನ್ನೇ ನೋಡುತ್ತಿದ್ದಳು.

"ನಾನು ಹೇಳೋದು ಬೇಡ ಅಮ್ಮಾ" ಎಂದರು. "ಇವಳು ಹೋಗಿ ನೋಡ್ಕೊಂಡು ಬರ್ಲಿ. ಇವಳ ಬಾಯಲ್ಲಿ ಕೇಳಿ."

ಮಗಳು ಸರಪಳಿ ಹಿಡಿದು ಹತ್ತತೊಡಗಿದಳು.

ಗೆರೆರಾಯರು ಸಂದಿಯಿಂದ ಇದ್ದಿಲು ತೆಗೆದರು. ಅವಳು ಅರ್ಧ ಅಳಿಸಿದ್ದನ್ನು ಮೊದಲು ಪೂರ್ತಿ ಮಾಡಿದರು: ನಕ್ಷೆ ನಂಬಬೇಡಿ. ಅದರ ಕೆಳಗೆ: ಕಡಿದಾದ ಮೆಟ್ಟಿಲು, 318. ನೆರಳಿಲ್ಲ. ಬೆಂಚಿಲ್ಲ. ಇದ್ದಿಲಿನಲ್ಲಿ ಬರೆದರೂ ಅಕ್ಷರಗಳು ಬೋರ್ಡಿನ ಮೇಲಿದ್ದ ಅದೇ ಅಕ್ಷರಗಳು, ಮುತ್ತಿನಂಥವು. ಬಲಗಡೆಯ ಮೂಲೆಯಲ್ಲಿ ತ್ರಿಕೋನ ಬರೆದು ಒಳಗೆ ಚುಕ್ಕೆ ಇಟ್ಟರು. ಬರುವವರಿಗೆ ಆ ಗುರುತು ಕೆಳಗೂ ಕಂಡಿರುತ್ತದೆ. ಕಂಡಿರಲಿ.

"ಕೆಳಗಿನ ಬೋರ್ಡು?" ಎಂದರು ಬೀಗಿತ್ತಿ.

"ನಾಳೆ ಕಚೇರಿಗೆ ಹೋಗ್ತೀನಿ. ಎಲ್ಲ ಹೇಳ್ತೀನಿ" ಎಂದರು ಗೆರೆರಾಯರು. ಬೀಗಿತ್ತಿ ಸೊಸೆ ಹತ್ತುತ್ತಿದ್ದ ಮೆಟ್ಟಿಲ ಕಡೆಗೆ ಮುಖ ತಿರುಗಿಸಿದರು.

ಎಷ್ಟೋ ಹೊತ್ತಿನ ಮೇಲೆ ತುದಿಯಿಂದ ಮಗಳ ದನಿ ಬಂಡೆಗೆ ಬಡಿದು ಇಳಿದು ಬಂತು.

"ಅಪ್ಪಾ! ಎಷ್ಟು ಅಂದೆ?"

ಗೆರೆರಾಯರು ಎದ್ದು ನಿಂತು, ಎರಡೂ ಕೈಯನ್ನು ಬಾಯಿಗೆ ಹಿಡಿದು ಕೂಗಿದರು. "ಮುನ್ನೂರ ಹದಿನೆಂಟು!"

ಕೂಗು ಬಂಡೆಯಿಂದ ಬಂಡೆಗೆ ಬಡಿದು ಮೇಲಕ್ಕೆ ಹೋಯಿತು. ಆಮೇಲೆ ಕೇಳಿಸಿತು: "ಸರಿ ಇದೆ!"

ಅವಳು ಎಣಿಸಿಕೊಂಡೇ ಹತ್ತಿದ್ದಳು. ಹುಟ್ಟಿದಾಗಿನಿಂದ ಮಗಳು ಅಪ್ಪನ ಅಳತೆಯನ್ನು ತಾನೂ ಅಳೆದು ನೋಡಿದ್ದು ಅದೇ ಮೊದಲು.